ಭಾಸ್ಕರಾಚಾರ್ಯರ ವ್ಯಸ್ತವಿಧಿ

ಭಾಸ್ಕರಾಚಾರ್ಯರು ತಮ್ಮ ವಿಷಯವಾಗಿ ಹೇಳಿಕೊಂಡಿರುವುದು ಬಹು ಸ್ವಲ್ಪ. ಶಕ 1036ರಲ್ಲಿ, ಎಂದರೆ ಕ್ರಿ. ಶ. 1114ರಲ್ಲಿ, ಜನಿಸಿದರು, 36ನೆಯ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದರು, ಶಾಂಡಿಲ್ಯ ಗೋತ್ರ, ತಂದೆ ಮಹೇಶ್ವರರೇ ಗುರುಗಳು, ಊರು ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡ.

ಈ ವಿಜ್ಜಡವಿಡವು ನಮ್ಮ ವಿಜಾಪುರವೇ ಎಂದು ಕೇಳುತ್ತ ಬೆಳೆದವರು ನಾವು. ಕನ್ನಡಿಗನಾದ ನನಗೂ ಹಾಗೆ ನಂಬಲು ಆಸೆಯೇ. ಆದರೆ ವಿಜಾಪುರದ ಬಯಲಿಗೂ ಸಹ್ಯಾದ್ರಿಗೂ ಇರುವ ದೂರವನ್ನು ಅಭಿಮಾನದಿಂದ ಕಡಮೆ ಮಾಡಲಾಗದಷ್ಟೆ. ಖಾನದೇಶದಲ್ಲಿ, ಚಾಳೀಸಗಾಂವಿನ ಸಮೀಪದ ಪಾಟಣದಲ್ಲಿ, 1207ರ ಒಂದು ಶಾಸನವುಂಟು. ಯಾದವ ಸಿಂಘಣನ ಆಸ್ಥಾನಜ್ಯೋತಿಷಿ ಚಂಗದೇವನು ತನ್ನ ಅಜ್ಜನ ಗ್ರಂಥಗಳ ಪಾಠಕ್ಕಾಗಿ ಅಲ್ಲಿ ಮಠವನ್ನು ಸ್ಥಾಪಿಸಿದನು. ಅವನ ತಂದೆ ಲಕ್ಷ್ಮೀಧರ. ಲಕ್ಷ್ಮೀಧರನ ತಂದೆ ನಮ್ಮ ಆಚಾರ್ಯರು. ಹೀಗೆ ಮೊಮ್ಮಗನಿಂದ ಹಿಂದು ಹಿಂದಕ್ಕೆ ನಡೆದು ಅವರನ್ನು ಮುಟ್ಟಬೇಕಾಗಿದೆ.

ಹಿಂದಕ್ಕೆ ನಡೆಯುವ ಈ ವಿದ್ಯೆಯನ್ನು ‘ಲೀಲಾವತಿ’ಯಲ್ಲಿ ಅವರು ವ್ಯಸ್ತವಿಧಿ ಎಂದು ಕಲಿಸಿದ್ದಾರೆ. ವಿಧಿ ಅವರದೇ ಸೃಷ್ಟಿಯಲ್ಲ. ಆರು ನೂರು ವರ್ಷಗಳಿಗೂ ಹಿಂದಿನ ಆರ್ಯಭಟರಲ್ಲಿಯೇ ಇದೆ. ಇಂದಿನ ಕಾಲೇಜಿನ ಮಕ್ಕಳು ಫಲನಗಳ ಸಂಯೋಜನೆ, ವಿಲೋಮ ಫಲನ ಎಂದು ಓದುವುದರ ಬೇರು ಇಲ್ಲಿ ಕಾಣುತ್ತದೆ. ಕೂಡಿದ್ದನ್ನು ಕಳೆಯಬೇಕು, ಗುಣಿಸಿದ್ದನ್ನು ಭಾಗಿಸಬೇಕು, ವರ್ಗಕ್ಕೆ ಮೂಲ ಹಿಡಿಯಬೇಕು. ಕೊನೆಯದನ್ನು ಮೊದಲು ಬಿಚ್ಚಬೇಕು.

ಅವರ ಒಂದು ಲೆಕ್ಕವನ್ನು ಅಗ್ರಹಾರದ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗಳ ಮುಂದಿಟ್ಟೆ. ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, ಬಂದದ್ದರ ಮುಕ್ಕಾಲನ್ನು ಅದಕ್ಕೇ ಕೂಡಿ, 7ರಿಂದ ಭಾಗಿಸಿ, ಭಾಗಲಬ್ಧದ ಮೂರನೆಯ ಒಂದು ಪಾಲನ್ನು ಕಳೆದು, ವರ್ಗ ಮಾಡಿ, 52 ಕಳೆದು, ಮೂಲ ತೆಗೆದು, 8 ಕೂಡಿ, 10ರಿಂದ ಭಾಗಿಸಿದರೆ 2 ಬರುತ್ತದೆ. ಹುಡುಗಿ ಕೊನೆಯಿಂದ ಹೊರಟು 20, 12, 144, 196, 14 ಎಂದು ಸರಸರನೆ ಇಳಿದಳು. ಅಲ್ಲಿ 14ಕ್ಕೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸಿ, ಭಿನ್ನರಾಶಿಯಲ್ಲಿ ಸಿಕ್ಕಿಕೊಂಡಳು. ಆಚಾರ್ಯರ ಎಚ್ಚರಿಕೆ ಇರುವುದು ಈ ತಾಣದಲ್ಲಿಯೇ. ಮೂರರಲ್ಲಿ ಒಂದು ಪಾಲು ಹೋದ ಮೇಲೆ ಉಳಿದದ್ದು ಎರಡು ಪಾಲು. ಹೋದದ್ದು ಉಳಿದುದರ ಅರ್ಧ. ಆದ್ದರಿಂದ ಕೂಡಿಸಬೇಕಾದದ್ದು 7; ಬರುವುದು 21. ಅದನ್ನು 7ರಿಂದ ಗುಣಿಸಿದರೆ 147. ಮುಕ್ಕಾಲು ಕೂಡಿದ್ದನ್ನು ಬಿಡಿಸಲು ಏಳರಲ್ಲಿ ಮೂರು ಪಾಲು ತೆಗೆದರೆ 84. ಮೂರರಿಂದ ಭಾಗಿಸಿದರೆ 28.

ಲೀಲಾವತಿಯ ಉತ್ತರ ಅಷ್ಟೇ. ಆದರೆ ಋಣ 28ನ್ನು ಹಿಡಿದು ಹೊರಟರೂ 2 ಬರುತ್ತದೆ, ಓದುಗರು ಮಾಡಿ ನೋಡಬಹುದು. ವರ್ಗ ಮಾಡಿದೊಡನೆ ಧನಋಣಗಳ ಗುರುತು ಅಳಿಸಿಹೋಗುತ್ತದೆ. ಬಂದ ದಾರಿ ಯಾವುದೆಂದು ಮೂಲವೊಂದೇ ಹೇಳಲಾರದು. ಇದನ್ನು ಆಚಾರ್ಯರು ಅರಿಯದವರಲ್ಲ. ಧನಸಂಖ್ಯೆಗೆ ಎರಡು ಮೂಲಗಳುಂಟೆಂದು ‘ಬೀಜಗಣಿತ’ದಲ್ಲಿ ಅವರೇ ವಿಧಿಸಿದ್ದಾರೆ. ಅಲ್ಲಿನ ಕಪಿಗಳ ಲೆಕ್ಕಕ್ಕೆ 50, 5 ಎಂದು ಎರಡು ಉತ್ತರ ಬಂದಾಗ, ಎರಡನೆಯದರಲ್ಲಿ ನಡುವೆ ಋಣರಾಶಿ ಬರುವುದರಿಂದ ಲೋಕ ಒಪ್ಪದೆಂದು ಅದನ್ನು ಬಿಟ್ಟರು. ಲೋಕ ಒಪ್ಪದೆಂದರೇ ಹೊರತು ಗಣಿತ ಒಪ್ಪದೆನ್ನಲಿಲ್ಲ. ಈ ವಿವೇಕ ನನಗೆ ಅವರ ಪಾಂಡಿತ್ಯಕ್ಕಿಂತಲೂ ಪ್ರಿಯ.

ಮಗಳು ಲೀಲಾವತಿಯ ಮದುವೆಯ ಮುಹೂರ್ತವನ್ನು ಅಳೆಯುವ ಘಟಿಕಾಪಾತ್ರೆಯಲ್ಲಿ ಮುತ್ತು ಬಿದ್ದು ವೇಳೆ ತಪ್ಪಿತೆಂಬ ಕಥೆಯನ್ನು ಎಲ್ಲರೂ ಬಲ್ಲರು. ಅದು ದೊರೆಯುವುದು ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ, ಆಚಾರ್ಯರ ಗ್ರಂಥದಲ್ಲಲ್ಲ. ಕಥೆ ಸೊಗಸಾಗಿದೆ, ಇರಲಿ; ಜೀವನಚರಿತ್ರೆಗೆ ಅದನ್ನು ಸೇರಿಸಲಾರೆ.

ಅವರು ಹೇಳಿಕೊಂಡ ಲೆಕ್ಕದಂತೆ ‘ಸಿದ್ಧಾಂತಶಿರೋಮಣಿ’ ಮುಗಿದದ್ದು 1150ರಲ್ಲಿ. ಗ್ರಹಗಣನೆ ಮಾಡುವವರಿಗೆ ಕೆಲಸ ಹಗುರವಾಗಲೆಂದು ರಚಿಸಿದ ‘ಕರಣಕುತೂಹಲ’ದ ಗಣನೆ 1183ರಿಂದ ಹೊರಡುತ್ತದೆ. ಆಗ ಅವರಿಗೆ 69 ವರ್ಷ.