ಮ್ಯಾಕ್ಸ್ ಥೈಲರ್

ಮ್ಯಾಕ್ಸ್ ಥೈಲರ್ (30 ಜನವರಿ 1899 – 11 ಆಗಸ್ಟ್ 1972) ದಕ್ಷಿಣ ಆಫ್ರಿಕಾದಲ್ಲಿ ಜನಿಸಿದ ವೈರಸ್ ವಿಜ್ಞಾನಿ. ಸೊಳ್ಳೆಯಿಂದ ಹರಡುವ ಹಳದಿ ಜ್ವರಕ್ಕೆ 17ಡಿ ಎಂಬ ಲಸಿಕೆಯನ್ನು ರೂಪಿಸಿದ್ದಕ್ಕಾಗಿ 1951ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಇವರಿಗೆ ದೊರೆಯಿತು. ಲಸಿಕೆಗೂ ಮೊದಲೇ, ಈ ರೋಗದ ಅಧ್ಯಯನಕ್ಕೆ ಬಿಳಿ ಇಲಿಯನ್ನು ಪ್ರಯೋಗಪ್ರಾಣಿಯಾಗಿ ಬಳಸಬಹುದೆಂದು ಇವರು ತೋರಿಸಿಕೊಟ್ಟಿದ್ದರು. ಮುಂದೆ ಕೀಲುಗಳನ್ನು ಬಾಧಿಸುವ ಚಿಕೂನ್‌ಗುನ್ಯಾದಂತಹ ವೈರಸ್‌ಗಳು ಪತ್ತೆಯಾದದ್ದು ಇದೇ ಹಾದಿಯಲ್ಲಿ.

ಬಾಲ್ಯ ಮತ್ತು ಶಿಕ್ಷಣ

ಥೈಲರ್ ಪ್ರಿಟೋರಿಯಾ ನಗರದಲ್ಲಿ ಜನಿಸಿದರು. ತಂದೆ ಆರ್ನಲ್ಡ್ ಥೈಲರ್ ಸ್ವಿಟ್ಜರ್ಲೆಂಡ್ ಮೂಲದ ಪ್ರಸಿದ್ಧ ಪಶುವೈದ್ಯ ವಿಜ್ಞಾನಿ. ಕೇಪ್‌ಟೌನ್‌ನಲ್ಲಿ ವ್ಯಾಸಂಗ ಮಾಡಿದ ಬಳಿಕ ಮ್ಯಾಕ್ಸ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಪಡೆದು, 1922ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯ ವಿಭಾಗವನ್ನು ಸೇರಿದರು.

ಹಳದಿ ಜ್ವರದ ಸಂಶೋಧನೆ

ಆ ಕಾಲದಲ್ಲಿ ಹಳದಿ ಜ್ವರದ ಕಾರಣ ಬ್ಯಾಕ್ಟೀರಿಯವೋ ವೈರಸ್ಸೋ ಎಂಬ ವಿವಾದ ನಡೆದಿತ್ತು. ಜಪಾನಿನ ಹಿಡೆಯೊ ನೊಗುಚಿ ಅದೊಂದು ಬ್ಯಾಕ್ಟೀರಿಯವೆಂದು ಸಾರಿದ್ದರು. ಥೈಲರ್ ಮತ್ತು ಅವರ ಹಿರಿಯ ಸಹೋದ್ಯೋಗಿ ಆಂಡ್ರೂ ಸೆಲ್ಲಾರ್ಡ್ಸ್ ಈ ವಾದ ನಿಲ್ಲದೆಂದು ತೋರಿಸಿದರು. 1927ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿದ್ದ ರಾಕ್‌ಫೆಲ್ಲರ್ ಪ್ರತಿಷ್ಠಾನದ ತಂಡವು ಅಸಿಬಿ ಎಂಬ ರೋಗಿಯ ರಕ್ತವನ್ನು ಭಾರತದಿಂದ ಬಂದ ರೀಸಸ್ ಕೋತಿಗೆ ಚುಚ್ಚಿ, ರೋಗವನ್ನು ಪ್ರಾಣಿಯಲ್ಲಿ ಉಂಟುಮಾಡಿತು. ಆಫ್ರಿಕಾದ ಕೋತಿಗಳಲ್ಲಿ ಕಾಣದ ರೋಗ ನಮ್ಮ ದೇಶದ ಕೋತಿಯಲ್ಲಿ ಕಂಡದ್ದು ಗಮನಾರ್ಹ. ಈ ಸಂಶೋಧನೆ ಜೀವಗಳನ್ನೇ ಬೇಡಿತು: ಅದೇ ವರ್ಷ ತಂಡದ ಏಡ್ರಿಯನ್ ಸ್ಟೋಕ್ಸ್, ಮರುವರ್ಷ ಸ್ವತಃ ನೊಗುಚಿ ಹಳದಿ ಜ್ವರಕ್ಕೆ ಬಲಿಯಾದರು. ಥೈಲರ್ ಅವರಿಗೂ 1929ರಲ್ಲಿ ಸೋಂಕು ತಗುಲಿತು. ಅದೃಷ್ಟವಶಾತ್ ಅವರು ಗುಣಹೊಂದಿದರು.

ಕೋತಿಗಳು ದುಬಾರಿ, ಅವುಗಳನ್ನು ಸಾಕುವುದೂ ಕಷ್ಟ, ಅಪಾಯಕರ. ಥೈಲರ್ ಇಲಿಗಳತ್ತ ತಿರುಗಿದರು. ಚರ್ಮದಡಿ ಚುಚ್ಚಿದರೆ ಇಲಿಗೆ ಏನೂ ಆಗುತ್ತಿರಲಿಲ್ಲ. ಮಿದುಳಿಗೇ ನೇರವಾಗಿ ಚುಚ್ಚಿದಾಗ ಅದು ಮಿದುಳಿನ ಉರಿಯೂತದಿಂದ ಸತ್ತಿತು. 1930ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಒಪ್ಪಲು ಅನೇಕರು ಹಿಂಜರಿದದ್ದು ಸಹಜವೇ. ಮನುಷ್ಯನಲ್ಲಿ ಯಕೃತ್ತನ್ನು ಕೆಡಿಸುವ ರೋಗ ಇಲಿಯಲ್ಲಿ ಮಿದುಳನ್ನು ಹಿಡಿದರೆ ಅದು ಅದೇ ರೋಗವೇ? ಮಾದರಿ ಮೂಲವನ್ನು ಪೂರ್ಣವಾಗಿ ಹೋಲಬೇಕಾಗಿಲ್ಲ, ಕೇಳಿದ ಪ್ರಶ್ನೆಗೆ ಉತ್ತರಿಸಿದರೆ ಸಾಕು ಎಂಬುದನ್ನು ಥೈಲರ್ ಅವರ ಮುಂದಿನ ಕೆಲಸವೇ ಸಾಬೀತುಪಡಿಸಿತು.

ಒಬ್ಬ ವ್ಯಕ್ತಿಯ ರಕ್ತದ ಸೀರಮ್ಮನ್ನು ವೈರಸ್ಸಿನೊಡನೆ ಬೆರೆಸಿ ಇಲಿಗೆ ಚುಚ್ಚುವುದು. ಇಲಿ ಬದುಕಿ ಉಳಿದರೆ ಆ ವ್ಯಕ್ತಿಗೆ ಹಿಂದೆಂದೋ ಹಳದಿ ಜ್ವರ ಬಂದಿತ್ತೆಂದು ಅರ್ಥ. 1931ರಲ್ಲಿ ಪ್ರಕಟವಾದ ಈ ಸರಳ ಪರೀಕ್ಷೆಯಿಂದ ರೋಗ ಎಲ್ಲೆಲ್ಲಿದೆ ಎಂಬ ಭೂಪಟವನ್ನೇ ರಚಿಸಲಾಯಿತು. ರೋಗವನ್ನು ಹರಡಬಲ್ಲ ಈಡಿಸ್ ಸೊಳ್ಳೆ ಭಾರತದಲ್ಲಿ ಹೇರಳವಾಗಿದ್ದರೂ ಇಲ್ಲಿ ಈ ರೋಗ ನೆಲೆಸಿಲ್ಲವೆಂಬುದು ಇಂತಹ ಸಮೀಕ್ಷೆಗಳಿಂದಲೇ ಖಚಿತವಾಯಿತು.

ಲಸಿಕೆ

ಇಲಿಯಿಂದ ಇಲಿಗೆ ದಾಟಿಸುತ್ತ ಹೋದಂತೆ ವೈರಸ್ಸು ಇಲಿಗೆ ಹೆಚ್ಚು ಮಾರಕವಾಗುತ್ತಿತ್ತು, ಕೋತಿಯ ಯಕೃತ್ತಿಗೆ ಕಡಿಮೆ ಅಪಾಯಕಾರಿಯಾಗುತ್ತಿತ್ತು. ಫ್ರೆಂಚರು ಇಂತಹ ವೈರಸ್ಸನ್ನೇ ಆಫ್ರಿಕಾದಲ್ಲಿ ಲಸಿಕೆಯಾಗಿ ಬಳಸಿದರು. ಆದರೆ ಅದರಿಂದ ಕೆಲವು ಮಕ್ಕಳಿಗೆ ಮಿದುಳಿನ ಉರಿಯೂತ ಉಂಟಾಯಿತು. 1930ರಲ್ಲೇ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ರತಿಷ್ಠಾನಕ್ಕೆ ಬಂದಿದ್ದ ಥೈಲರ್ ಬೇರೆ ದಾರಿ ಹಿಡಿದರು. ಅಸಿಬಿಯಿಂದ ಪಡೆದ ವೈರಸ್ಸನ್ನು, ಮಿದುಳು ಮತ್ತು ಬೆನ್ನುಹುರಿಯನ್ನು ತೆಗೆದ ಕೋಳಿಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿದರು. ಸುಮಾರು ನೂರು ಬಾರಿ ದಾಟಿಸುವ ಹೊತ್ತಿಗೆ ಅದು ತನ್ನ ಉಗ್ರತೆಯನ್ನು ಕಳೆದುಕೊಂಡಿತ್ತು. 1937ರಲ್ಲಿ ಹ್ಯೂ ಸ್ಮಿತ್ ಅವರೊಡನೆ ಪ್ರಕಟಿಸಿದ ಈ 17ಡಿ ಲಸಿಕೆ ಬ್ರೆಜಿಲ್‌ನಲ್ಲಿ ಲಕ್ಷಾಂತರ ಜನರಿಗೆ ದೊರೆಯಿತು. ಹಾದಿ ನಿಷ್ಕಂಟಕವಾಗಿರಲಿಲ್ಲ: 1942ರಲ್ಲಿ ಲಸಿಕೆಗೆ ಬೆರೆಸುತ್ತಿದ್ದ ಮಾನವ ಸೀರಮ್ಮಿನ ಮೂಲಕ ಅಮೆರಿಕದ ಸಾವಿರಾರು ಸೈನಿಕರಿಗೆ ಕಾಮಾಲೆ ಹರಡಿತು. ಬಳಿಕ ಸೀರಮ್ ಇಲ್ಲದೆಯೇ ಲಸಿಕೆ ತಯಾರಾಯಿತು.

ಇಲಿ ಮಾದರಿಯ ಮುಂದುವರಿಕೆ

ಥೈಲರ್ 1951ರಲ್ಲಿ ರಾಕ್‌ಫೆಲ್ಲರ್ ವೈರಸ್ ಪ್ರಯೋಗಾಲಯಗಳ ನಿರ್ದೇಶಕರಾದರು. ಮರುವರ್ಷ ಪ್ರತಿಷ್ಠಾನದ ಸಹಯೋಗದಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಆರಂಭವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು ಇದೇ ಕೇಂದ್ರ. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು.

ಚಿಕೂನ್‌ಗುನ್ಯಾ ವೈರಸ್ಸನ್ನು ಟಾಂಗನಿಕಾದಲ್ಲಿ 1952–53ರ ಪಿಡುಗಿನ ವೇಳೆ ಬೇರ್ಪಡಿಸಿದ್ದೂ ಇಲಿಮರಿಗಳ ಮಿದುಳಿಗೆ ರೋಗಿಗಳ ರಕ್ತವನ್ನು ಚುಚ್ಚಿಯೇ. ಮಿದುಳಿಗೆ ಚುಚ್ಚಿದ ಇಲಿಮರಿ ವೈರಸ್ ಇದೆಯೆಂದು ಹೇಳಬಲ್ಲುದು, ಕೀಲು ಏಕೆ ನೋಯುತ್ತದೆಂದು ಹೇಳಲಾರದು. ಅದಕ್ಕಾಗಿ 2010ರ ಹೊತ್ತಿಗೆ ಬೆಳೆದ ಇಲಿಯ ಪಾದದ ಚರ್ಮದಡಿ ವೈರಸ್ ಚುಚ್ಚುವ ಕ್ರಮ ಬಂತು. ವಾರದೊಳಗೆ ಪಾದ ಬಾತು, ಕೀಲಿನ ಸುತ್ತ ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳು ಮುತ್ತುವುದನ್ನು ಅಲ್ಲಿ ನೋಡಬಹುದು. ಆದರೆ ಇಲಿಯ ಬಾವು ಬೇಗನೆ ಇಳಿಯುತ್ತದೆ, ಮನುಷ್ಯರಿಗೆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಈ ಅಂತರದಿಂದಾಗಿಯೇ ಕೋತಿಗಳಲ್ಲಿಯೂ ಅಧ್ಯಯನ ನಡೆಯಿತು.

ಕೊನೆಯ ವರ್ಷಗಳು

1964ರಿಂದ 1967ರವರೆಗೆ ಥೈಲರ್ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1972ರಲ್ಲಿ ನ್ಯೂ ಹೇವನ್ ನಗರದಲ್ಲಿ ನಿಧನರಾದರು. ಕೀಟಗಳ ಮೂಲಕ ಹರಡುವ ವೈರಸ್‌ಗಳನ್ನು ಕುರಿತು ವಿಲ್ಬರ್ ಡೌನ್ಸ್ ಅವರೊಡನೆ ರಚಿಸಿದ ಬೃಹತ್ ಗ್ರಂಥ ಮರುವರ್ಷ ಪ್ರಕಟವಾಯಿತು.