ಒಂದು ಹಲ್ಲು, ಒಂದು ಹೆಸರು: ಜೋಸೆಫ್ ಲೈಡಿ ನೆನಪಿಗೆ

ಡೈನೊಸಾರ್ ಅಂದ ಕೂಡಲೇ ಎಲ್ಲರಿಗೂ ದೈತ್ಯ ಅಸ್ಥಿಪಂಜರ ನೆನಪಾಗುತ್ತೆ. ನನಗೆ ನೆನಪಾಗೋದು ಬೆರಳ ತುದಿಯಲ್ಲಿ ಕೂರುವಂಥ ಒಂದು ಹಲ್ಲು ಮತ್ತು ಅದಕ್ಕೆ ಹೆಸರಿಟ್ಟ ಜೋಸೆಫ್ ಲೈಡಿ.

ಲೈಡಿ ಹುಟ್ಟಿದ್ದು 1823ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಪ್ಪ ಟೋಪಿ ತಯಾರಕರು. ಮಗ ವೈದ್ಯಕೀಯ ಓದಿ, 1853ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು.

ಅವರ ಬಳಿಗೆ ಪಶ್ಚಿಮದಿಂದ ಕೆಲವು ಹಲ್ಲುಗಳು ಬಂದವು. ಭೂವಿಜ್ಞಾನಿ ಫರ್ಡಿನಾಂಡ್ ಹೇಡನ್ ಅವನ್ನು ಈಗಿನ ಮೊಂಟಾನಾದ ಜುಡಿತ್ ನದಿಯ ಬಳಿ ಆಯ್ದಿದ್ದರು. ಅದು ಮೂಲನಿವಾಸಿಗಳ ನೆಲ. ವಿಜ್ಞಾನದ ಪುಟಗಳಲ್ಲಿ ಉಳಿದಿದ್ದು ಮಾತ್ರ ಆಯ್ದವರ, ಹೆಸರಿಟ್ಟವರ ಹೆಸರು.

1856ರಲ್ಲಿ ಲೈಡಿ ಅವುಗಳಲ್ಲೊಂದನ್ನು ಪೇಲಿಯೊಸ್ಕಿಂಕಸ್ ಅಂತ ಕರೆದರು. ಪುರಾತನ ಹಾವುರಾಣಿ ಅಂತ ಅರ್ಥ. ಎಲೆಯಾಕಾರದ ಚಪ್ಪಟೆ ಹಲ್ಲು, ಅಂಚಿನಲ್ಲಿ ಗರಗಸದಂಥ ಮೊನೆಗಳು. ಅದು ಸೊಪ್ಪು ತಿನ್ನುವ, ಮೈಮೇಲೆ ಮೂಳೆಯ ಕವಚ ಹೊತ್ತ ಆಂಕಿಲೊಸಾರ್ ಗುಂಪಿನ ಡೈನೊಸಾರ್‌ನದು ಅನ್ನೋದು ಗೊತ್ತಾಗಿದ್ದು ಆಮೇಲೆ. ಆ ಗುಂಪಿಗೆ ಆಗಿನ್ನೂ ಹೆಸರೇ ಇರಲಿಲ್ಲ.

ಸಮಸ್ಯೆ ಶುರುವಾಗೋದು ಇಲ್ಲಿ. ಈ ಪ್ರಾಣಿಗಳ ಒಂದೇ ದವಡೆಯಲ್ಲಿ ಹಲ್ಲುಗಳು ಒಂದರಂತೆ ಒಂದಿರಲ್ಲ. ಬೇರೆ ಬೇರೆ ಪ್ರಭೇದಗಳ ಹಲ್ಲುಗಳು ಒಂದೇ ಥರ ಕಾಣುತ್ತವೆ. ಸವೆದು ಹೋಗಿದ್ದರಂತೂ ಇನ್ನೂ ಕಷ್ಟ. ಬಿಡಿ ಹಲ್ಲೊಂದು ಗುಂಪನ್ನು ಹೇಳಬಲ್ಲದು, ಪ್ರಭೇದವನ್ನು ಸಾಮಾನ್ಯವಾಗಿ ಹೇಳಲಾರದು. ಅದಕ್ಕೇ ಯಾವ ಜಾಗ, ಯಾವ ಶಿಲಾಪದರ ಅಂತ ಬರೆದಿಡೋದು ಹಲ್ಲಿನಷ್ಟೇ ಮುಖ್ಯ. ಆದರೂ ದಶಕಗಳ ಕಾಲ ಜನಪ್ರಿಯ ಪುಸ್ತಕಗಳು ಪೇಲಿಯೊಸ್ಕಿಂಕಸ್ ಹೆಸರಲ್ಲಿ ಇಡೀ ಪ್ರಾಣಿಯನ್ನೇ ಚಿತ್ರಿಸಿದವು. ಇಂದು ಆ ಹೆಸರು ಸಂದೇಹಾಸ್ಪದ ಅನ್ನೋ ಪಟ್ಟಿಯಲ್ಲಿದೆ.

1870ರ ದಶಕದಲ್ಲಿ ಕೋಪ್ ಮತ್ತು ಮಾರ್ಷ್ ಕಾಳಗಕ್ಕಿಳಿದರು. ಒಬ್ಬರಿಗೆ ಮನೆತನದ ಆಸ್ತಿ, ಇನ್ನೊಬ್ಬರಿಗೆ ಶ್ರೀಮಂತ ಮಾವನ ದುಡ್ಡು. ಪಳೆಯುಳಿಕೆಗೆ ಬೆಲೆ ಕಟ್ಟಿ, ಆತುರದಲ್ಲಿ ಹೆಸರಿಡೋ ಪೈಪೋಟಿ ನಡೆಯಿತು. ಅಷ್ಟು ದುಡ್ಡಿಲ್ಲದ ಲೈಡಿ ಹಿಂದೆ ಸರಿದು, ಕೊಳದ ನೀರಿನ ಸೂಕ್ಷ್ಮಜೀವಿಗಳತ್ತ ತಿರುಗಿದರು. 1879ರಲ್ಲಿ ಅವುಗಳ ಬಗ್ಗೆ ದೊಡ್ಡ ಗ್ರಂಥ ತಂದರು. 1891ರಲ್ಲಿ ತೀರಿಕೊಂಡರು.

ಲೈಡಿಯನ್ನು ಸಂತ ಮಾಡೋದು ಬೇಡ. ಒಂದೇ ಹಲ್ಲಿಗೆ ಹೆಸರಿಟ್ಟವರು ಅವರೂ ಹೌದು. ಆದರೆ ಆ ಹೆಸರನ್ನು ಪ್ರಶ್ನಿಸಲು ಸಾಧ್ಯವಾಗಿದ್ದು, ಹಲ್ಲನ್ನು ವರ್ಣಿಸಿ, ಅದು ಸಿಕ್ಕ ಜಾಗವನ್ನು ದಾಖಲಿಸಿದ್ದರಿಂದ. ತುಣುಕು ವಿಡಿಯೊ ನೋಡಿ ಇಡೀ ಸಮುದಾಯಕ್ಕೆ ಹೆಸರಿಡುವ ನಮ್ಮ ಕಾಲ, ಕನಿಷ್ಠ ಅಷ್ಟನ್ನಾದರೂ ಕೇಳಬೇಕು: ಇದು ಎಲ್ಲಿ ಸಿಕ್ಕಿತು, ಉಳಿದ ಮೂಳೆ ಎಲ್ಲಿದೆ?