ಬಿಲ್‌ರೋತ್: ಗಂಟಿಗೆ ಹೆಸರಿಟ್ಟ ಡಾಕ್ಟರ್

ಸಿಲಿಂಡರ್ ಅಂದ್ರೆ ನಮಗೆಲ್ಲ ಫಸ್ಟ್ ಇಯರ್ ಡ್ರಾಯಿಂಗ್ ಶೀಟ್ ನೆನಪಾಗುತ್ತದೆ. ಅದೇ ಆಕಾರದಿಂದ ಒಂದು ಅಪರೂಪದ ಕ್ಯಾನ್ಸರಿಗೂ ಹೆಸರು ಬಂತು: ಸಿಲಿಂಡ್ರೋಮಾ. ಜೊಲ್ಲು ಗ್ರಂಥಿಯಲ್ಲಿ ಬರುವ ಗಡ್ಡೆ ಇದು. ಹೆಸರಿಟ್ಟವರು ಥಿಯೋಡೋರ್ ಬಿಲ್‌ರೋತ್.

ಅವರು ಹುಟ್ಟಿದ್ದು 1829ರ ಏಪ್ರಿಲ್ 26ರಂದು, ಜರ್ಮನಿಯ ರ‍್ಯೂಗೆನ್ ದ್ವೀಪದಲ್ಲಿ. ತಂದೆ ಪಾದ್ರಿ, ಮಗನಿಗೆ ಐದು ವರ್ಷವಿದ್ದಾಗಲೇ ತೀರಿಕೊಂಡರು. ಹುಡುಗನಿಗೆ ಓದಿಗಿಂತ ಸಂಗೀತದ ಹುಚ್ಚು ಜಾಸ್ತಿ. ಆದರೂ ಮನೆಯವರ ಮಾತಿಗೆ ಮೆಡಿಕಲ್ ಸೇರಿದರು. ಸಂಗೀತ ಮಾತ್ರ ಬಿಡಲಿಲ್ಲ. ಮುಂದೆ ಸಂಗೀತಗಾರ ಬ್ರಾಮ್ಸ್ ಅವರ ಆಪ್ತ ಗೆಳೆಯರಾದರು.

ಬರ್ಲಿನ್‌ನಲ್ಲಿ ಲಾಂಗೆನ್‌ಬೆಕ್ ಎಂಬ ಸರ್ಜನ್ ಕೈಕೆಳಗೆ ಕೆಲಸ ಮಾಡುವಾಗ ಬಿಲ್‌ರೋತ್ ಕತ್ತಿಯಷ್ಟೇ ಮೈಕ್ರೋಸ್ಕೋಪನ್ನೂ ಹಿಡಿದರು. ಕತ್ತರಿಸಿ ತೆಗೆದ ಗಡ್ಡೆಯ ತೆಳು ಪದರಗಳನ್ನು ಕೂತು ನೋಡುತ್ತಿದ್ದರು. 1850ರ ದಶಕದಲ್ಲಿ ಒಂದು ಬಗೆಯ ಗಡ್ಡೆಯೊಳಗೆ ಉದ್ದನೆಯ ಕೊಳವೆಯಂಥ ಆಕಾರಗಳು ಕಂಡವು. ಅದಕ್ಕೇ ಆ ಹೆಸರು. ಅಡ್ಡಕ್ಕೆ ಕೊಯ್ದು ನೋಡಿದರೆ ನಮ್ಮ ಮನೆಯ ಜರಡಿ ಥರ ದುಂಡನೆಯ ತೂತುಗಳು. ಇವತ್ತು ಇದನ್ನು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅಂತಾರೆ. ಬಯಾಪ್ಸಿ ಸ್ಲೈಡಿನಲ್ಲಿ ಡಾಕ್ಟರು ಈಗಲೂ ಆ ಜರಡಿಯನ್ನೇ ಹುಡುಕುತ್ತಾರೆ.

1860ರಲ್ಲಿ ಜ್ಯೂರಿಕ್, 1867ರಲ್ಲಿ ವಿಯೆನ್ನಾದಲ್ಲಿ ಪ್ರೊಫೆಸರ್ ಆದರು. 1873ರ ಕೊನೇ ದಿನ ಕ್ಯಾನ್ಸರ್ ಆಗಿದ್ದ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆದರು. 1881ರ ಜನವರಿ 29ರಂದು ಹೊಟ್ಟೆಯ ಕ್ಯಾನ್ಸರ್ ಇದ್ದ ಹೆಂಗಸಿನ ಜಠರದ ಭಾಗ ಕತ್ತರಿಸಿದರು. ಅದಕ್ಕೂ ಮೊದಲು ಬೇರೆಯವರು ಮಾಡಿದಾಗ ರೋಗಿಗಳು ಉಳಿದಿರಲಿಲ್ಲ. ಈಕೆ ಆಪರೇಷನ್‌ನಿಂದ ಚೇತರಿಸಿಕೊಂಡಳು, ಆದರೆ ಸುಮಾರು ನಾಲ್ಕು ತಿಂಗಳಿಗೆ ಕ್ಯಾನ್ಸರ್ ಹರಡಿ ತೀರಿಕೊಂಡಳು.

ಬಿಲ್‌ರೋತ್ ಇಂಥದ್ದನ್ನು ಮುಚ್ಚಿಡುವವರಲ್ಲ. ಗೆದ್ದ ಕೇಸಿನ ಜೊತೆ ಸತ್ತ ರೋಗಿಗಳ ಲೆಕ್ಕವನ್ನೂ ಅಚ್ಚು ಹಾಕಿಸಿದರು. ರೋಗಿ ಮನೆಗೆ ಹೋದಮೇಲೆ ವರ್ಷಗಟ್ಟಲೆ ಏನಾಯಿತು ಅಂತ ಗೊತ್ತಾದರೇನೇ ಆಪರೇಷನ್ ಗೆದ್ದಿತೋ ಇಲ್ಲವೋ ಹೇಳಬಹುದು ಅನ್ನೋದು ಅವರ ನಿಲುವು. 1894ರ ಫೆಬ್ರವರಿ 6ರಂದು ತೀರಿಕೊಂಡರು.

ಅವರು ಹೆಸರಿಟ್ಟ ರೋಗಕ್ಕೆ ಈ ನಿಲುವು ಚೆನ್ನಾಗಿ ಹೊಂದುತ್ತದೆ. ಈ ಗಡ್ಡೆ ನಿಧಾನಕ್ಕೆ ಬೆಳೆಯುತ್ತದೆ, ನರದ ಗುಂಟ ಹರಿಯುತ್ತದೆ, ತೆಗೆದ ಹತ್ತು ವರ್ಷದ ಮೇಲೂ ಮರಳಿ ಬರಬಹುದು. ನಮ್ಮ ಬಾಯಿಯೊಳಗೆ ನೂರಾರು ಸಣ್ಣ ಜೊಲ್ಲು ಗ್ರಂಥಿಗಳಿವೆ. ಅಂಗುಳಲ್ಲಿ ನೋವಿಲ್ಲದ ಸಣ್ಣ ಗಂಟು ಬಂದರೆ ಹಲ್ಲಿನ ತೊಂದರೆ ಅಂತ ಬಿಡೋದು ಸುಲಭ. ಗುಟ್ಕಾ ತಿನ್ನದವರಿಗೂ ಇದು ಬರುತ್ತದೆ, ಹಾಗಾಗಿ ನಂಗೇನೂ ಚಟ ಇಲ್ಲ ಅನ್ನೋ ಧೈರ್ಯ ಸಾಲದು.

ಗೊಬ್ಬೂರಿನಂಥ ನಮ್ಮ ಊರುಗಳಲ್ಲಿ ನೋವಿಲ್ಲ ಅಂದ್ರೆ ರೋಗವೇ ಇಲ್ಲ ಅನ್ನೋರು ಬಹಳ. ಎರಡು ಮೂರು ವಾರಕ್ಕೂ ಹೋಗದ ಗಂಟು, ಹುಣ್ಣು, ಜೋಮು ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಬಯಾಪ್ಸಿ ಬೇಕು ಅಂದ್ರೆ ಹೆದರಬಾರದು. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರಿಗೆ ಇಷ್ಟು ಹೇಳೋಣ.